ಬೇಯ್ಲಿ ಸಾಹೇಬನ ಹಿಂದೆ ನಾಲ್ಕು ದಿನ

ಏಳನೇ ಕ್ಲಾಸಿನ ಶಾಲಾ ಪ್ರವಾಸ. ಶ್ರೀರಂಗಪಟ್ಟಣದ ದರಿಯಾ ದೌಲತ್‌ನ ಪಡುವಣ ಗೋಡೆಯ ಮುಂದೆ ನಮ್ಮನ್ನು ಸಾಲು ಹಿಡಿಸಿ ನಡೆಸುತ್ತಿದ್ದರು. ಗೋಡೆ ತುಂಬ ಆನೆ, ಕುದುರೆ, ಫಿರಂಗಿ, ಉರುಳಿದ ತಲೆಗಳು. ಅಷ್ಟೆಲ್ಲ ಗಲಾಟೆಯ ನಡುವೆ, ಕೆಂಪು ಕೋಟಿನವರು ಕಟ್ಟಿದ ಚೌಕದೊಳಗೆ, ಒಬ್ಬ ಆಸಾಮಿ ಪಲ್ಲಕ್ಕಿಯಲ್ಲಿ ಕೂತಿದ್ದ. "ಮೇಷ್ಟ್ರೇ, ಇವನ್ಯಾಕೆ ಸುಮ್ಮನೆ ಕೂತಿದಾನೆ?" ಎಂದೆ. "ಅವನು ಸೋತೋನು ಕಣೋ. ಲೈನ್ ಬಿಡಬೇಡ, ಮುಂದೆ ನಡಿ" ಎಂದರು.

ಆ ಕೂತವನು ಈಸ್ಟ್ ಇಂಡಿಯಾ ಕಂಪನಿಯ ಲೆಫ್ಟಿನೆಂಟ್ ಕರ್ನಲ್ ವಿಲಿಯಂ ಬೇಯ್ಲಿ. ಸ್ಕಾಟ್ಲೆಂಡಿನ ಇನ್ವರ್ನೆಸ್ ಸೀಮೆಯ ಮನೆತನದವನು. 1780ರ ಸೆಪ್ಟೆಂಬರ್ 10ರಂದು ಕಾಂಚೀಪುರದ ಹತ್ತಿರದ ಪುಳ್ಳಲೂರಿನಲ್ಲಿ ಹೈದರಾಲಿ ಮತ್ತು ಟಿಪ್ಪುವಿನ ಕೈಗೆ ಸಿಕ್ಕಿದ. ಎರಡು ವರ್ಷದ ಮೇಲೆ, 1782ರ ನವೆಂಬರ್ 13ರಂದು, ಶ್ರೀರಂಗಪಟ್ಟಣದ ಸೆರೆಯಲ್ಲೇ ತೀರಿಕೊಂಡ. ಸೋತ ಜಾಗದಿಂದ ಸತ್ತ ಜಾಗದವರೆಗೆ ಅವನ ಹಿಂದೆ ಹೋಗಿಬರಬೇಕೆಂಬ ಹುಚ್ಚು ನನಗೆ ಬಹಳ ದಿನದ್ದು. ಈ ಸೆಪ್ಟೆಂಬರಿನಲ್ಲಿ ಕೈಗೂಡಿತು. ಕಾರು ನಮ್ಮ ಭಾವನದು, ಪೆಟ್ರೋಲು ನನ್ನದು. ಭಾವ ಸರ್ವೇಯರ್ ಆಗಿ ನಿವೃತ್ತರಾದವರು. ಜಾಗ ಯಾವುದಾದರೂ ಸರಿ, ಹೆಜ್ಜೆಯಲ್ಲಿ ಅಳೆಯದೆ ಬಿಡುವವರಲ್ಲ. ಅವರಲ್ಲಿ ಒಂದೇ ಒಂದು ದೋಷ: ಯಾವ ಕೆಲಸ ಹೇಳಿದರೂ "ಬೆಳಿಗ್ಗೆ ನೋಡಿದರಾಯ್ತು" ಎನ್ನುತ್ತಾರೆ. ಈ ಮಾತು ನಾಲ್ಕು ದಿನವೂ ನಮ್ಮ ಬೆನ್ನು ಬಿಡಲಿಲ್ಲ.

ಮೊದಲನೆಯ ದಿನ: ಬೆಂಗಳೂರಿನಿಂದ ಕಂಚಿಗೆ

ಹತ್ತನೇ ತಾರೀಖಿಗೆ ಪುಳ್ಳಲೂರಿನಲ್ಲಿರಬೇಕೆಂದು ಒಂಬತ್ತರ ಬೆಳಗಿನ ಐದಕ್ಕೆ ಹೊರಟೆವು. ಹೊಸಕೋಟೆ ದಾಟುವಾಗ ಟೊಮೆಟೊ ಲಾರಿಗಳು ಎದುರಾದವು. ಕೋಲಾರದಲ್ಲಿ ಹೆದ್ದಾರಿ ಬಿಟ್ಟು ಊರೊಳಗೆ ಹೋಗಿ ಮಕ್ಬರಾ ನೋಡಿದೆವು. ಹೈದರನ ಅಪ್ಪ ಫತೇ ಮಹಮ್ಮದನ ಗೋರಿ ಇಲ್ಲಿದೆ. ಹೈದರ್ ಹುಟ್ಟಿದ ಬೂದಿಕೋಟೆಯೂ ಇದೇ ಜಿಲ್ಲೆಯದು. ಅವನು ಸತ್ತಾಗ ಹೆಣವನ್ನು ಮೊದಲು ತಂದಿಟ್ಟದ್ದು ಈ ಆವರಣದಲ್ಲೇ; ಶ್ರೀರಂಗಪಟ್ಟಣಕ್ಕೆ ಒಯ್ದದ್ದು ಆಮೇಲೆ. ಅಷ್ಟು ಹೊತ್ತಿಗೇ ಅಲ್ಲಿ ಒಬ್ಬರು ಬೇವಿನೆಲೆ ಗುಡಿಸುತ್ತಿದ್ದರು. ನಾವು ಹೋಗುವ ಊರಿನ ಹೆಸರು ಕೇಳಿ, "ಅಲ್ಲಿ ಗೆದ್ದಿದ್ದು ನಮ್ಮೋರೇ ಅಲ್ವಾ?" ಎಂದರು. ಭಾವ ಹೌದೆಂದರು. ಅವರ ಮುಖ ಅರಳಿತು.

ಮುಳಬಾಗಿಲಿನಲ್ಲಿ ದೋಸೆ. ಮುಳಬಾಗಿಲು ದೋಸೆಯನ್ನು ಮುಳಬಾಗಿಲಿನಲ್ಲೇ ತಿನ್ನಬೇಕು. ಬೆಂಗಳೂರಿನಲ್ಲಿ ಆ ಹೆಸರಿಟ್ಟು ಕೊಡುವುದು ಬರೀ ದಪ್ಪ ದೋಸೆ. ಇಲ್ಲಿ ಅಂಚು ಗರಿಗರಿ, ನಡು ಹತ್ತಿಯಂತೆ, ತುಪ್ಪ ಬೆರಳಿಗೆ ಇಳಿಯುತ್ತದೆ. ಎಂಟೂವರೆ ದಾಟಿದರೆ ಕೂರಲು ಜಾಗ ಸಿಗುವುದಿಲ್ಲ, ಹಾಗಾಗಿ ಕೋಲಾರದಲ್ಲಿ ಹೆಚ್ಚು ಹೊತ್ತು ನಿಲ್ಲಬಾರದು.

ಮುಳಬಾಗಿಲು ಬಿಟ್ಟರೆ ಆಂಧ್ರ. ಪಲಮನೇರು, ಮೊಗಿಲಿ ಘಾಟಿ, ಚಿತ್ತೂರು. ಘಾಟಿ ಇಳಿದ ಕೂಡಲೇ ಸೆಕೆ ಕಾರಿನೊಳಕ್ಕೆ ನುಗ್ಗಿತು. 1780ರ ಜುಲೈನಲ್ಲಿ ಹೈದರನ ಸೈನ್ಯ ಇಳಿದದ್ದು ಈ ದಾರಿಯಲ್ಲಲ್ಲ, ಇನ್ನೂ ದಕ್ಷಿಣಕ್ಕೆ ಚೆಂಗಮ ಕಣಿವೆಯಲ್ಲಿ. ಎಂಬತ್ತು ತೊಂಬತ್ತು ಸಾವಿರ ಜನ ಎಂದು ಲೆಕ್ಕ ಹೇಳುತ್ತಾರೆ. ಮದರಾಸಿನ ಕೌನ್ಸಿಲ್ಲಿನವರಿಗೆ ಅದು ಗೊತ್ತಾಗುವಷ್ಟರಲ್ಲಿ ಹಳ್ಳಿಗಳು ಉರಿಯುತ್ತಿದ್ದವು. ಹೈದರ್ ಬಂದು ಆರ್ಕಾಟಿಗೆ ಮುತ್ತಿಗೆ ಹಾಕಿದ. ಅದನ್ನು ಬಿಡಿಸಲು ಸರ್ ಹೆಕ್ಟರ್ ಮನ್ರೋ ದಂಡು ಕಟ್ಟಿಕೊಂಡು ಕಂಚಿಗೆ ಬಂದ. ಹದಿನಾರು ವರ್ಷದ ಹಿಂದೆ ಬಕ್ಸಾರಿನ ಯುದ್ಧ ಗೆದ್ದಿದ್ದ ಮಹಾಶಯ ಇವನೇ. ಉತ್ತರದ ಗುಂಟೂರಿನಲ್ಲಿದ್ದ ಬೇಯ್ಲಿಗೂ ಬಂದು ಕೂಡಿಕೊಳ್ಳಲು ಹುಕುಂ ಹೋಯಿತು. ಎರಡು ದಂಡೂ ಸೇರಿದರೆ ಕಷ್ಟವೆಂದು ಹೈದರನಿಗೆ ಗೊತ್ತಿತ್ತು. ನಡುವೆ ಅಡ್ಡ ನಿಲ್ಲಲು ಮಗ ಟಿಪ್ಪುವನ್ನು ಕಳಿಸಿದ.

ರಾಣಿಪೇಟೆ ದಾಟಿ, ವಾಲಾಜಾ ಹತ್ತಿರ, ನಮ್ಮ ಕಾರಿನ ಹಿಂದಿನ ಚಕ್ರ ಉಸ್ಸೆಂದಿತು. ಡಿಕ್ಕಿ ತೆಗೆದರೆ ಸ್ಟೆಪ್ನಿಯಲ್ಲೂ ಗಾಳಿ ಇಲ್ಲ. ನಾನು ಭಾವನ ಮುಖ ನೋಡಿದೆ. "ಬೆಳಿಗ್ಗೆ ಹಾಕಿಸಿದರಾಯ್ತು ಅಂತಿದ್ದೆ" ಎಂದರು. ಬೆಳಿಗ್ಗೆ ಐದಕ್ಕೆ ಯಾವ ಬಂಕಿನವನು ಗಾಳಿ ಹಿಡಿಯುತ್ತಾನೆ? ಹೆದ್ದಾರಿಯಲ್ಲಿ ಲಾರಿಗಳು ಪಕ್ಕದಲ್ಲಿ ಹಾದಾಗೆಲ್ಲ ಕಾರು ತೊಟ್ಟಿಲಿನಂತೆ ಆಡುತ್ತಿತ್ತು. ಕೊನೆಗೆ ಒಬ್ಬ ಟೆಂಪೋದವನು ಸ್ಟೆಪ್ನಿಯನ್ನೂ ಭಾವನನ್ನೂ ಹತ್ತಿಸಿಕೊಂಡು ಪಂಚರ್ ಅಂಗಡಿಗೆ ಹೋದ. ನಾನು ಹುಣಸೆ ಮರದಡಿ ಒಂದೂವರೆ ಗಂಟೆ ಕೂತೆ. ಮರಳಿ ಬಂದಾಗ ಭಾವನ ಕೈಯಲ್ಲಿ ಆರ್ಕಾಟಿನ ಮಕ್ಕನ್ ಪೇಡದ ಡಬ್ಬಿ. ಹೊರಗೆ ಜಾಮೂನಿನಂತೆ, ಒಳಗೆ ಗೋಡಂಬಿ, ಬಾದಾಮಿ. ಸಿಟ್ಟು ಮಾಡಿಕೊಳ್ಳಲು ಬಿಡದ ಸಿಹಿ ಅದು.

ದಾರಿಯಲ್ಲಿ ಪಾಲಾರ್ ಹೊಳೆ ನೋಡಿದರೆ ಬರೀ ಮರಳು. ನಡುವೆ ಎಲ್ಲೋ ಒಂದು ಗೆರೆಯಷ್ಟು ನೀರು. "ಇದೇನು ಹೊಳೆಯೋ, ಹೊಲವೋ" ಎಂದರು ಭಾವ. ಕಂಚಿ ಸೇರುವಾಗ ಸಂಜೆ ಐದಾಗಿತ್ತು.

ಎರಡನೆಯ ದಿನ: ಪುಳ್ಳಲೂರು

ಕಂಚಿಯಲ್ಲಿ ಬೆಳಿಗ್ಗೆ ಎರಡು ಕೆಲಸ ಮುಗಿಸಿಕೊಂಡೆವು. ಒಂದು, ಇಡ್ಲಿ. ವರದರಾಜ ಪೆರುಮಾಳ್ ದೇವಸ್ಥಾನದ ಪ್ರಸಾದದ ಇಡ್ಲಿ ನಮ್ಮ ಬಟ್ಟಲಿನ ಇಡ್ಲಿಯಲ್ಲ. ಬಿದಿರಿನ ಉದ್ದ ಬುಟ್ಟಿಗೆ ಮಂದಾರೈ ಎಲೆ ಹಾಸಿ, ಮೆಣಸು, ಜೀರಿಗೆ, ಶುಂಠಿ ಬೆರೆಸಿದ ಹಿಟ್ಟು ಸುರಿದು ಬೇಯಿಸುತ್ತಾರೆ. ಕೊಡುವುದು ತುಂಡು ಮಾಡಿ. ಚಟ್ನಿ ಕೇಳಿದರೆ ಹೊರಗಿನವನೆಂದು ಗೊತ್ತಾಗಿಬಿಡುತ್ತದೆ. ನಾನು ಕೇಳಿದೆ.

ಇನ್ನೊಂದು, ಕೈಲಾಸನಾಥ. ಮಧ್ಯಾಹ್ನ ಬಾಗಿಲು ಹಾಕುತ್ತಾರಾದ್ದರಿಂದ ಎಂಟಕ್ಕೇ ಹೋದೆವು. ಪಲ್ಲವರ ಈ ಗುಡಿಯ ಒಂದು ಕಂಬದ ಮೇಲೆ ಹಳಗನ್ನಡದ ಶಾಸನವಿದೆ. ಬಾದಾಮಿಯ ಎರಡನೇ ವಿಕ್ರಮಾದಿತ್ಯ ಕಂಚಿ ಗೆದ್ದ. ಆದರೆ ಈ ದೇವರ ಒಡವೆ ಮುಟ್ಟದೆ ಹಿಂದಕ್ಕೆ ಬಿಟ್ಟ ಎಂದು ಬರೆಸಿಟ್ಟಿದ್ದಾನೆ. ಅಕ್ಷರಗಳ ಮೇಲೆ ಬೆರಳಾಡಿಸಲು ಹೋದೆ. ಕಾವಲಿನವರು ಗದರಿದರು, ಗದರಿದ್ದು ಸರಿಯೇ. ಕನ್ನಡದ ಸೈನ್ಯ ಈ ಸೀಮೆಗೆ ಬಂದದ್ದು ಹೈದರನ ಕಾಲದಲ್ಲೇ ಮೊದಲಲ್ಲ ಎಂದು ಭಾವನಿಗೆ ಹೇಳಿದೆ. ಅದಕ್ಕೂ ಮೊದಲು ಪಲ್ಲವ ಮಹೇಂದ್ರವರ್ಮ ತನ್ನ ಶತ್ರುಗಳನ್ನು ಬಡಿದ ಜಾಗವೆಂದು ತಾಮ್ರಪಟ ಹೇಳುವುದು ಪುಳ್ಳಲೂರನ್ನೇ. ಆ ಶತ್ರು ನಮ್ಮ ಇಮ್ಮಡಿ ಪುಲಕೇಶಿ ಎಂದು ಇತಿಹಾಸಕಾರರು ಓದುತ್ತಾರೆ. ಸಾವಿರದ ನೂರೈವತ್ತು ಚಿಲ್ಲರೆ ವರ್ಷ ಕಳೆದು ಮತ್ತೆ ಅದೇ ಊರು. "ಆ ಊರಿನೋರಿಗೆ ಬೇರೆ ಕೆಲಸ ಇರಲಿಲ್ವೇ" ಎಂದರು ಭಾವ.

ಹೆದ್ದಾರಿ ಬಿಟ್ಟ ಮೇಲೆ ರಸ್ತೆ ಸಣ್ಣದಾಯಿತು. ಎರಡೂ ಕಡೆ ಭತ್ತದ ಒಟ್ಟಲು, ಕೆರೆ ಏರಿ, ಏರಿಯ ಮೇಲೆ ತಾಳೆಮರದ ಸಾಲು. ಮೊಬೈಲಿನ ಮ್ಯಾಪು ಒಂದು ಇಟ್ಟಿಗೆ ಗೂಡಿಗೆ ತಂದು ನಿಲ್ಲಿಸಿ, ಬಂತು ಇಳಿ ಎಂದಿತು. ಅಲ್ಲಿಂದಾಚೆಗೆ ಕೇಳಿಕೊಂಡೇ ಹೋಗಬೇಕು. ಯುದ್ಧ, ಟಿಪ್ಪು ಎಂದು ಕೇಳಿದರೆ ಯಾರಿಗೂ ತಿಳಿಯಲಿಲ್ಲ. ಕೊನೆಗೆ ಮೇಕೆ ಮೇಯಿಸುತ್ತಿದ್ದ ಹಿರಿಯರೊಬ್ಬರು "ವೆಳ್ಳೈಕಾರನ್ ಸಮಾಧಿಯಾ?" (ಬಿಳಿಯನ ಗೋರಿಯಾ?) ಎಂದು ಕೋಲೆತ್ತಿ ತೋರಿಸಿದರು. ನಮ್ಮ ನಂಬರ್ ಪ್ಲೇಟು ನೋಡಿ ಮಾತು ಕನ್ನಡಕ್ಕೆ ತಿರುಗಿತು. "ನಾನು ಬೆಂಗ್ಳೂರಲ್ಲಿ ಹನ್ನೆರಡು ವರ್ಷ ಗಾರೆ ಕೆಲ್ಸ ಸಾರ್. ಸ್ವಲ್ಪ ಸ್ವಲ್ಪ ಬರುತ್ತೆ."

ಹೊಲಗಳ ನಡುವೆ ಎರಡು ಸ್ತಂಭಗಳು, ಮೊನೆಯಾಗಿ ಮೇಲಕ್ಕೆದ್ದವು. ಓಡಿಹೋಗಿ ಓದಿದರೆ ಬೇಯ್ಲಿಯ ಹೆಸರಿಲ್ಲ. ಒಂದು ಕ್ಯಾಪ್ಟನ್ ಜೇಮ್ಸ್ ಹಿಸ್ಲಾಪನದು, ಇನ್ನೊಂದು ಕರ್ನಲ್ ಜಾರ್ಜ್ ಬ್ರೌನನದು. ಇಬ್ಬರೂ ಸತ್ತದ್ದು 1781ರ ಆಗಸ್ಟ್ 27ರಂದು, ಇದೇ ಬಯಲಲ್ಲಿ ನಡೆದ ಎರಡನೇ ಕಾಳಗದಲ್ಲಿ. ಮೊದಲ ಗೆಲುವು ಸಿಕ್ಕ ಜಾಗ, ಅದೃಷ್ಟದ ನೆಲ ಎಂದು ಹೈದರ್ ಇಂಗ್ಲಿಷರ ಸೇನಾಪತಿ ಸರ್ ಐರ್ ಕೂಟನನ್ನು ಇಲ್ಲೇ ಎದುರಿಸಿದ. ಅವತ್ತು ಅದೃಷ್ಟ ಕೈಕೊಟ್ಟಿತು. ಕೂಟನ ಸೈನ್ಯ ಬಂದು ನೋಡಿದಾಗ ಹಿಂದಿನ ವರ್ಷ ಸತ್ತವರ ಎಲುಬುಗಳು ಬಯಲಲ್ಲಿ ಹಾಗೇ ಬಿದ್ದಿದ್ದವಂತೆ. ಆ ಎಲುಬುಗಳಲ್ಲಿ ಹೆಚ್ಚಿನವು ತಮಿಳು, ತೆಲುಗು ಸಿಪಾಯಿಗಳವು. ಅವರಿಗೆ ಇಲ್ಲಿ ಕಲ್ಲಿಲ್ಲ, ಬೇಯ್ಲಿಗೂ ಇಲ್ಲ.

ಹಿರಿಯರು ಏರಿಯ ಮೇಲೆ ಕೂತು ಎಲೆ ಅಡಿಕೆ ಬಿಚ್ಚಿದರು. ನಾವೂ ಕೂತೆವು. ಅವರಿಗೆ ಕತೆ ಬೇಕಿತ್ತು, ನನಗೆ ಹೇಳುವ ಚಪಲ. ಬೇಯ್ಲಿ ಆಗಸ್ಟ್ 25ರಂದು ಉತ್ತರದಲ್ಲಿ ಕೊರ್ತಲೈಯಾರ್ ಹೊಳೆಯ ದಡಕ್ಕೆ ಬಂದ. ನೀರು ಇರಲಿಲ್ಲವೆಂಬಷ್ಟು ಕಡಿಮೆ. ಆ ಸಂಜೆಯೇ ದಾಟಬಹುದಿತ್ತು. ಜನ ದಣಿದಿದ್ದರು, ಬೆಳಿಗ್ಗೆ ದಾಟಿದರಾಯ್ತೆಂದು ಈಚೆ ದಡದಲ್ಲೇ ಡೇರೆ ಹಾಕಿಸಿದ. ರಾತ್ರಿ ಎಲ್ಲೋ ಮೇಲೆ ಮಳೆ ಹೊಯ್ದು ಹೊಳೆ ತುಂಬಿ ಬಂತು. ಸೆಪ್ಟೆಂಬರ್ ಮೊದಲ ವಾರದವರೆಗೆ ಅಲ್ಲೇ ಕೂತ.

ನಾನು ಭಾವನ ಕಡೆ ನೋಡಲಿಲ್ಲ. ಅವರೇ ಗಂಟಲು ಸರಿಮಾಡಿಕೊಂಡರು.

ಹೊಳೆ ದಾಟಿ ಬಂದವನನ್ನು ಸೆಪ್ಟೆಂಬರ್ 6ರಂದು ಪೆರಂಬಾಕ್ಕಂ ಹತ್ತಿರ ಟಿಪ್ಪು ಹಿಡಿದು ನಿಲ್ಲಿಸಿದ. ಅವತ್ತು ಸೋಲೂ ಇಲ್ಲ ಗೆಲುವೂ ಇಲ್ಲ. ಬೇಯ್ಲಿ ಚೀಟಿ ಬರೆದು ಮನ್ರೋನನ್ನು ಕರೆದ. ಮನ್ರೋ ಕಂಚಿ ಬಿಟ್ಟು ಕದಲಲಿಲ್ಲ. ಕರ್ನಲ್ ಫ್ಲೆಚರನ ಕೈಕೆಳಗೆ ಸಾವಿರ ಜನರನ್ನು ಕಳಿಸಿ ಕೈತೊಳೆದುಕೊಂಡ. ಒಟ್ಟು ಸೇರಿ 3,800 ಜನರಾದರು. ಒಂಬತ್ತರ ರಾತ್ರಿ ಹೊರಟರು. ರಾತ್ರಿಯಿಡೀ ನಡೆದಿದ್ದರೆ ಕಂಚಿ ಮುಟ್ಟುತ್ತಿದ್ದರೇನೋ. ನಡುದಾರಿಯಲ್ಲಿ ಬೇಯ್ಲಿ ಮತ್ತೆ ನಿಂತ, ಬೆಳಗಾಗಲಿ ಎಂದ. ಜೊತೆಯ ಅಧಿಕಾರಿಗಳಿಗೆ ಈ ನಿಲುಗಡೆ ಕೊನೆವರೆಗೂ ಅರ್ಥವಾಗಲಿಲ್ಲ. ಬೆಳಗಾದಾಗ ಎದುರಿಗೆ ಟಿಪ್ಪು ಇದ್ದ. ಸ್ವಲ್ಪ ಹೊತ್ತಿಗೆ ಹೈದರನ ದೊಡ್ಡ ದಂಡೂ ಬಂದು ಸುತ್ತುವರಿಯಿತು.

"ಕಂಚಿ ಇಲ್ಲಿಂದ ಪಕ್ಕದಲ್ಲೇ ಸಾರ್, ಬಸ್ಸಲ್ಲಿ ಮುಕ್ಕಾಲು ಗಂಟೆ" ಎಂದರು ಹಿರಿಯರು, ಬೇಯ್ಲಿಗೆ ಈಗಲೂ ಬಸ್ಸು ತೋರಿಸುವವರಂತೆ.

ಆ ಬೆಳಿಗ್ಗೆ ಕೆಂಪು ಕೋಟಿನವರು ಚೌಕ ಕಟ್ಟಿದರು. ನಡುವೆ ಮದ್ದಿನ ಗಾಡಿಗಳು. ಆ ಗಾಡಿಗಳಿಗೆ ಬೆಂಕಿ ಬಿದ್ದದ್ದು ಮೈಸೂರಿನ ಕಬ್ಬಿಣದ ಕೊಳವೆಯ ರಾಕೆಟ್ಟಿನಿಂದ ಎನ್ನುವವರಿದ್ದಾರೆ, ಫಿರಂಗಿ ಗುಂಡಿನಿಂದ ಎನ್ನುವವರೂ ಇದ್ದಾರೆ. ಹೇಗೋ ಬೆಂಕಿ ಬಿತ್ತು, ಮದ್ದು ಮುಗಿಯಿತು. ಆಮೇಲೆ ಬಂದೂಕಿನ ತುದಿಯ ಈಟಿಯಲ್ಲೇ ಹದಿಮೂರು ಸಲ ಕುದುರೆ ದಂಡನ್ನು ತಡೆದರೆಂದು ಬರೆದಿದ್ದಾರೆ. ಫ್ಲೆಚರ್ ಸತ್ತ. ಬೇಯ್ಲಿಗೆ ಗಾಯವಾಯಿತು, ಕರವಸ್ತ್ರ ಬೀಸಿ ಶರಣೆಂದ. ಚೌಕದ ಒಂದು ಮಗ್ಗುಲಿನ ಸಿಪಾಯಿಗಳಿಗೆ ಅದು ತಿಳಿಯದೆ ಗುಂಡು ಹಾರುತ್ತಲೇ ಇತ್ತು, ಹಾಗಾಗಿ ಕಡಿಯುವುದೂ ನಿಲ್ಲಲಿಲ್ಲ. ಹೈದರನ ಬಳಿಯಿದ್ದ ಫ್ರೆಂಚ್ ಅಧಿಕಾರಿಗಳು, ಲಾಲಿ ಮತ್ತು ಪಿಮೊರಾನ್, ಅಡ್ಡ ಬರದಿದ್ದರೆ ಸೆರೆಯಾಗಲೂ ಯಾರೂ ಉಳಿಯುತ್ತಿರಲಿಲ್ಲ. ಉಳಿದ ಬಿಳಿಯರು ಇನ್ನೂರರಷ್ಟು.

ಮನ್ರೋ? ಫಿರಂಗಿ ಸದ್ದು ಕೇಳಿ ಅವತ್ತು ಬೆಳಿಗ್ಗೆ ಹೊರಟಿದ್ದ. ದಾರಿಯಲ್ಲಿ ಸಿಕ್ಕ ಗಾಯಾಳು ಸಿಪಾಯಿಯೊಬ್ಬ ಎಲ್ಲ ಮುಗಿಯಿತೆಂದ. ಹಿಂದಕ್ಕೆ ತಿರುಗಿದ. ಮಾರನೆಯ ದಿನ ದೊಡ್ಡ ತೋಪುಗಳನ್ನು ಕಂಚಿಯ ಕೆರೆಗೆ ನೂಕಿಸಿ, ಚೆಂಗಲ್ಪಟ್ಟಿನ ದಾರಿ ಹಿಡಿದು ಮದರಾಸಿಗೆ ಹೋದ. ಬೇಯ್ಲಿ ತಪ್ಪು ಮಾಡಿದ, ನಿಜ. ಆದರೆ ಅಷ್ಟು ಹತ್ತಿರದಲ್ಲಿ ಅಷ್ಟು ದೊಡ್ಡ ದಂಡು ಇಟ್ಟುಕೊಂಡು ಕೂತ ಮನ್ರೋನದು ನನ್ನ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡ ತಪ್ಪು.

ಗಾಯಾಳು ಬೇಯ್ಲಿಯನ್ನು ಹೈದರನೆದುರಿಗೆ ತಂದಾಗ ಅವನು ಆಡಿದ ಮಾತನ್ನು ಇಂಗ್ಲಿಷರು ಬರೆದಿಟ್ಟಿದ್ದಾರೆ: ಇದು ನೀವು ಸೋಲಿಸಿ ಪಡೆದ ಗೆಲುವಲ್ಲ, ನಮಗೆ ಬಂದ ವಿಪತ್ತಿನಿಂದ ದಕ್ಕಿದ್ದು, ಬೇಕಾದರೆ ನಿಮ್ಮ ಮಗನನ್ನೇ ಕೇಳಿ ಎಂದನಂತೆ. ಹೈದರ್ ಸಿಟ್ಟಿನಿಂದ ಆಚೆಗೆ ಕಳಿಸಿದ. ಇದನ್ನು ಕೇಳಿ ಹಿರಿಯರು ತುಂಬ ನಕ್ಕರು. "ಏಟು ತಿಂದ್ಮೇಲೂ ಬಾಯಿ ನೋಡಿ ಸಾರ್!"

ಮಧ್ಯಾಹ್ನ ಆ ಹೊಳೆ ನೋಡಲು ಉತ್ತರಕ್ಕೆ ಹೊರಟೆವು. ತಕ್ಕೋಲಂ ಊರ ಹೆಸರು ಬೋರ್ಡಿನಲ್ಲಿ ಕಂಡಾಗ ಕಾರು ನಿಲ್ಲಿಸಲು ಹೇಳಿದೆ. 949ರಲ್ಲಿ ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನಿಗಾಗಿ ಗಂಗರ ಬೂತುಗ ಚೋಳ ರಾಜಾದಿತ್ಯನನ್ನು ಆನೆಯ ಮೇಲೆಯೇ ಕೊಂದದ್ದು ಇಲ್ಲಿ. ಸುದ್ದಿ ಕೆತ್ತಿಸಿದ ಕಲ್ಲು ಸಿಕ್ಕಿದ್ದು ನಮ್ಮ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ. ಅದೇ ಕಲ್ಲಿನಲ್ಲಿ ಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಗೂ ಸ್ಮಾರಕ. ನಾಯಿಗೆ ಕಲ್ಲು ಹಾಕಿಸಿದವರ ವಂಶದವರು ನಾವು ಎಂದು ಹೆಮ್ಮೆಪಟ್ಟೆ. "ಬಿಸಿಲು ನೆತ್ತಿಗೇರಿದೆ, ಹತ್ತಯ್ಯ" ಎಂದರು ಭಾವ.

ಬಿಸಿಲು ನಾಲ್ಕಕ್ಕೆ ಮಾಯವಾಯಿತು. ಮೋಡ ಹೇಗೆ ಕಟ್ಟಿತೋ ಕಾಣೆ, ಪೆರಂಬಾಕ್ಕಂ ಇನ್ನೂ ದೂರವಿರುವಾಗಲೇ ಆಲಿಕಲ್ಲಿನಂಥ ಹನಿ. ರೈಲು ಹಳಿಯ ಕೆಳಗಿನ ದಾರಿಯಲ್ಲಿ ನೀರು ನಿಂತು, ಮುಂದಿದ್ದ ಬೈಕಿನವರು ಕಾಲೆತ್ತಿಕೊಂಡು ಹಿಂದಕ್ಕೆ ಬಂದರು. ಟೀ ಅಂಗಡಿಯ ತಗಡಿನಡಿ ಎರಡು ಗಂಟೆ ನಿಂತೆವು. ಬಿಸಿ ಮಸಾಲೆ ವಡೆ, ಗಾಜಿನ ಲೋಟದಲ್ಲಿ ಟೀ. ಈ ಸೀಮೆಗೆ ಸೆಪ್ಟೆಂಬರಿನಲ್ಲಿ ಬರುವವರು ಹೊಲ ಬಯಲು ನೋಡುವುದನ್ನು ಮಧ್ಯಾಹ್ನದೊಳಗೆ ಮುಗಿಸಿಕೊಳ್ಳುವುದು ಒಳ್ಳೆಯದು, ಸಂಜೆಯ ಮಳೆ ನೆಂಟರಂತೆ ಹೇಳದೆ ಬರುತ್ತದೆ. ಆರೂವರೆಗೆ ನೀರು ಕೊಂಚ ಇಳಿಯಿತು. ಕತ್ತಲಾಗಿತ್ತು. "ಹೊಳೆ ಬೆಳಿಗ್ಗೆ ನೋಡಿದರಾ..." ಎಂದು ಶುರು ಮಾಡಿದ ಭಾವ ಅಲ್ಲಿಗೇ ನಿಲ್ಲಿಸಿದರು. ತಗಡಿನಡಿ ನಿಂತಿದ್ದವರೆಲ್ಲ ನಮ್ಮಿಬ್ಬರ ನಗು ಕಂಡು ಏನೆಂದು ಕೇಳಿದರು. ಹೊಳೆ ನೋಡಲಾಗಲಿಲ್ಲ.

ಮೂರನೆಯ ದಿನ: ಮರಳಿ ಮೇಲಕ್ಕೆ

ಈ ದಿನ ಹೇಳಲು ಹೆಚ್ಚೇನಿಲ್ಲ. ವೆಲ್ಲೂರು, ಆಂಬೂರು, ಕೃಷ್ಣಗಿರಿ, ಹೊಸೂರು. ಆಂಬೂರಿನಲ್ಲಿ ಬಿರಿಯಾನಿ: ಜೀರಗ ಸಾಂಬಾ ಅಕ್ಕಿ, ಪಕ್ಕದಲ್ಲಿ ಬದನೆಕಾಯಿ ಗೊಜ್ಜು. ಹನ್ನೆರಡಕ್ಕೆ ಮುಂಚೆ ಹೋದರೆ ದಮ್ಮು ಆಗ ತಾನೇ ಒಡೆದಿರುತ್ತದೆ. ಹೊಸೂರಿನಿಂದ ಮನೆಗೆ ಎಂದಿನಂತೆ ಉಳಿದ ಇಡೀ ದಾರಿಯಷ್ಟು ಹೊತ್ತು.

ಕಾರಿನಲ್ಲಿ ಮಾತೆಲ್ಲ ಸೆರೆಯಾಳುಗಳದು. ಫ್ಲೆಚರನ ಜೊತೆ ಬಂದಿದ್ದ ಡೇವಿಡ್ ಬೇರ್ಡ್ ಎಂಬ ಕ್ಯಾಪ್ಟನನೂ ಗಾಯವಾಗಿ ಸಿಕ್ಕಿಬಿದ್ದಿದ್ದ. ಸೆರೆಯಾಳುಗಳನ್ನು ಇಬ್ಬಿಬ್ಬರಂತೆ ಸರಪಳಿಯಲ್ಲಿ ಕಟ್ಟಿದ್ದಾರೆಂಬ ಸುದ್ದಿ ಸ್ಕಾಟ್ಲೆಂಡಿಗೆ ಮುಟ್ಟಿದಾಗ ಅವನ ತಾಯಿ, ನಮ್ಮ ಡೇವಿಯ ಜೊತೆಗೆ ಕಟ್ಟಿಸಿಕೊಂಡವನ ಪಾಡು ನೆನೆದರೆ ಅಯ್ಯೋ ಅನಿಸುತ್ತದೆ ಎಂದಳಂತೆ. ಭಾವ ಸ್ಟಿಯರಿಂಗ್ ಬಡಿದು ನಕ್ಕರು. "ನಮ್ಮಮ್ಮನೂ ನಿಮ್ಮಕ್ಕನ ಮದುವೇಲಿ ಹಿಂಗೇ ಅಂದಿದ್ರು ಕಣಯ್ಯ."

ರಾತ್ರಿ ಭಾವನ ಮನೆಯಲ್ಲೇ ತಂಗಿದೆ. ಅಕ್ಕ ಬಿಸಿಬೇಳೆಬಾತ್ ಮಾಡಿದ್ದಳು. ಸ್ಟೆಪ್ನಿಯ ಕತೆ ನಾನೇ ಹೇಳಿದೆ.

ನಾಲ್ಕನೆಯ ದಿನ: ಶ್ರೀರಂಗಪಟ್ಟಣ

ಎಕ್ಸ್‌ಪ್ರೆಸ್‌ವೇ ಹಿಡಿದರೆ ಒಂದೂವರೆ ಗಂಟೆಯಲ್ಲಿ ಪಟ್ಟಣ. ಆದರೆ ಅದು ಮದ್ದೂರನ್ನು ಮುಟ್ಟಿಸುವುದೇ ಇಲ್ಲ, ಮೇಲೆ ಮೇಲೆ ಹಾರಿಸಿಕೊಂಡು ಹೋಗಿಬಿಡುತ್ತದೆ. ವಡೆ ಬೇಕಾದವರು ಮೊದಲೇ ಸರ್ವಿಸ್ ರೋಡಿಗೆ ಇಳಿಯಬೇಕು. ನಾವು ಇಳಿದೆವು. ಮಂಡ್ಯ ದಾಟಿದ ಮೇಲೆ ಕಬ್ಬಿನ ಗಾಡಿಗಳು, ವಿಶ್ವೇಶ್ವರಯ್ಯ ನಾಲೆಯ ನೀರು, ಗಾಳಿಯಲ್ಲಿ ಆಲೆಮನೆಯ ವಾಸನೆ.

ಮೊದಲು ಕೋಟೆಯೊಳಗೆ, ಬಂದೀಖಾನೆ. ಬೋರ್ಡಿನಲ್ಲಿ ಇವನ ಹೆಸರು ಬೈಲಿ. ರಂಗನಾಥನ ಗುಡಿ ಹತ್ತಿರ ದಾರಿ ಕೇಳಿದಾಗ ಆಟೋದವರು "ಬೇಲಿ ಬಂದೀಖಾನೆನಾ ಸಾ? ಸೀದಾ ಓಗಿ, ಒಳೆ ಕಡೀಕೆ" ಎಂದರು. ಮೆಟ್ಟಿಲಿಳಿದರೆ ನೆಲಮಟ್ಟಕ್ಕಿಂತ ಕೆಳಗೆ ಕಮಾನು ಸಾಲಿನ ಉದ್ದನೆ ಕೋಣೆ, ಸುಣ್ಣ ಬಳಿದ ಗೋಡೆ, ಗೋಡೆಯಲ್ಲಿ ತೂತು ಕೊರೆದ ಕಲ್ಲುಗಳು. ನಡುವೆ ಒಂದು ಫಿರಂಗಿ ಬಿದ್ದಿದೆ. ಭಾವ ಹೆಜ್ಜೆ ಹಾಕಿ ಅಳೆದರು: ನೂರಡಿ ಉದ್ದ, ನಲವತ್ತಡಿ ಅಗಲ. ಶಾಲೆಯ ಮಕ್ಕಳ ಗುಂಪಿಗೆ ಗೈಡೊಬ್ಬರು, ಕಲ್ಲಿನ ತೂತಿಗೆ ಸರಪಳಿ ಹಾಕಿ ಕಟ್ಟಿ, ಕತ್ತಿನವರೆಗೆ ನೀರು ಬಿಡುತ್ತಿದ್ದರು ಎಂದು ವಿವರಿಸುತ್ತಿದ್ದರು. ಒಂದು ಹುಡುಗಿ ತನ್ನ ಕತ್ತು ಮುಟ್ಟಿ ನೋಡಿಕೊಂಡಳು.

ಈ ನೀರಿನ ಕತೆಯನ್ನು ನಾನು ನಂಬುವುದಿಲ್ಲ. ಸೆರೆಯಲ್ಲಿದ್ದು ಬದುಕಿ ಬಂದ ಅಧಿಕಾರಿಗಳ ದಿನಚರಿಗಳಿವೆ. ಅವರು ಹೇಳುವುದು ಅಂಗಳದ ಸುತ್ತ ಮಣ್ಣಿನ ಗೋಡೆಯ ಸಾಲು ಕೊಟ್ಟಿಗೆಗಳು, ಕಾಲಿಗೆ ಬೇಡಿ, ದಿನಕ್ಕೊಂದಿಷ್ಟು ಕಾಸು, ಅದರಲ್ಲಿ ಪೇಟೆಯಿಂದ ಅಕ್ಕಿ ತರಿಸಿ ಅನ್ನ, ಮಳೆ ಬಂದರೆ ಸೋರುವ ಮಾಡು, ಭೇದಿ, ಜ್ವರ, ಮತ್ತೆ ಬಿಡುಗಡೆ ಯಾವಾಗ ಎಂಬ ಗುಸುಗುಸು. ನೀರಲ್ಲಿ ನಿಲ್ಲಿಸಿದರೆಂಬ ಕತೆಗಿಂತ ನನಗೆ ಇದೇ ಹೆಚ್ಚು ಭಯ ಹುಟ್ಟಿಸುತ್ತದೆ. ಬೇಯ್ಲಿಯನ್ನು ಉಳಿದವರೊಡನೆ ಕೂಡಲು ಬಿಡಲಿಲ್ಲ. ಕ್ಯಾಪ್ಟನ್ ರಮ್ಲಿ, ಲೆಫ್ಟಿನೆಂಟ್ ಫ್ರೇಸರ್ ಎಂಬ ಇಬ್ಬರ ಜೊತೆ ಬೇರೆ ಇಟ್ಟರು. ಹೊಳೆಯ ದಡದಲ್ಲಿ ಕಾಯುವುದು ಅವನ ಇಷ್ಟವಾಗಿತ್ತು. ಇಲ್ಲಿ ಕಾಯುವುದನ್ನು ಬಿಟ್ಟು ಬೇರೆ ದಾರಿಯಿರಲಿಲ್ಲ. ಮಂಗಳೂರಿನ ಒಪ್ಪಂದವಾಗಿ ಸೆರೆಯಾಳುಗಳು ಹೊರಬಿದ್ದದ್ದು 1784ರ ಮಾರ್ಚಿನಲ್ಲಿ. ಇವನು ಅಷ್ಟರಲ್ಲಿ ಸತ್ತು ಹದಿನಾರು ತಿಂಗಳಾಗಿತ್ತು. ಬೇರ್ಡ್ ಬದುಕಿ ಹೋದ. 1799ರ ಮೇ 4ರಂದು ಕೋಟೆಯ ಒಡಕಿನಲ್ಲಿ ನುಗ್ಗಿದ ದಂಡಿನ ಮುಂದೆ ಇದ್ದವನು ಅವನೇ. ಊರು ಗೆದ್ದವನು ಅವನು, ಊರಿನ ಅಧಿಕಾರ ಸಿಕ್ಕಿದ್ದು ಗವರ್ನರ್ ಜನರಲ್ಲನ ತಮ್ಮ ಆರ್ಥರ್ ವೆಲ್ಲೆಸ್ಲಿಗೆ. ಆ ಸಿಟ್ಟು ಬೇರ್ಡ್‌ಗೆ ಸಾಯುವವರೆಗೂ ಹೋಗಲಿಲ್ಲ ಎನ್ನುತ್ತಾರೆ.

ಊಟಕ್ಕೆ ಸಣ್ಣದೊಂದು ಮೆಸ್ಸು. ಮುದ್ದೆ, ಹುರುಳಿಕಾಳಿನ ಬಸ್ಸಾರು. ಎರಡು ದಿನ ತಮಿಳುನಾಡಿನ ಅನ್ನ ಉಂಡು ಬಂದ ಹೊಟ್ಟೆಗೆ ಮುದ್ದೆ ಇಳಿದಾಗ ಭಾವ ಕಣ್ಣು ಮುಚ್ಚಿಕೊಂಡರು.

ದರಿಯಾ ದೌಲತ್‌ನಲ್ಲಿ ಬಿಸಿಲು ಬೀಳದಂತೆ ವೆರಾಂಡಕ್ಕೆ ಹಸಿರು ಪರದೆ ಇಳಿಬಿಟ್ಟಿದ್ದಾರೆ. ಒಳಗೆ ಹೋದ ಮೇಲೆ ಐದು ನಿಮಿಷ ಸುಮ್ಮನೆ ನಿಲ್ಲಬೇಕು, ಕಣ್ಣು ಹೊಂದಿಕೊಂಡ ಮೇಲೇ ಚಿತ್ರ ಬಿಚ್ಚಿಕೊಳ್ಳುತ್ತದೆ. ಅರಮನೆ 1784ರದು. ಗೋಡೆಯ ಚಿತ್ರ ಟಿಪ್ಪು ಬರೆಸಿದ್ದು; ನಡುವೆ ಸುಣ್ಣ ಬಳಿದು ಮುಚ್ಚಿದ್ದನ್ನು ಇಲ್ಲಿ ವಾಸಕ್ಕಿದ್ದ ವೆಲ್ಲೆಸ್ಲಿ ತೆಗೆಸಿದ. 1855ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಯ ಅಪ್ಪಣೆಯಂತೆ ಮತ್ತೆ ಬಣ್ಣ ಹಾಕಿಸಿದರು. ತಮ್ಮದೇ ಸೋಲಿನ ಚಿತ್ರವನ್ನು ಎರಡೆರಡು ಸಲ ರಿಪೇರಿ ಮಾಡಿಸಿದ ಇಂಗ್ಲಿಷರ ಬುದ್ಧಿ ನನಗೆ ಇನ್ನೂ ಬಗೆಹರಿದಿಲ್ಲ. ದುರ್ಬೀನು ಹಿಡಿದ ಲಾಲಿ ಇದ್ದಾನೆ. ತಡವಾಗಿ ಬಂದ ನಿಜಾಮನ ದಂಡಿನ ಪಕ್ಕ ಹಸುವೂ ಹಂದಿಯೂ ಇವೆ. ಅವನನ್ನು ಅಣಕಿಸುವ ಕೀಟಲೆ ಅದು. ಮತ್ತೆ ಚೌಕ, ಚೌಕದೊಳಗೆ ಪಲ್ಲಕ್ಕಿ. ಈ ಸಲ ನನ್ನನ್ನು ಮುಂದೆ ನಡಿ ಎನ್ನುವವರಿರಲಿಲ್ಲ. ಗಾಯವಾದದ್ದರಿಂದ ಕೂತಿದ್ದಾನೆ ಎಂದು ಏಳನೇ ಕ್ಲಾಸಿನವನಿಗೆ ಉತ್ತರ ಹೇಳಿಕೊಂಡೆ. ಕಂಚಿಯ ಕಡೆಗಿನ ದಾರಿ ಮಾತ್ರ ಆ ಗೋಡೆಯಲ್ಲಿ ಎಲ್ಲೂ ಇಲ್ಲ.

ಗುಂಬಜ್ ತಲುಪಿದಾಗ ಐದೂವರೆ. ಸೈಪ್ರಸ್ ಮರಗಳ ನಡುವಿನ ಹಾದಿ, ಕಪ್ಪುಕಲ್ಲಿನ ನುಣುಪು ಕಂಬಗಳು. ಒಳಗೆ ಹೈದರ್, ಪಕ್ಕದಲ್ಲಿ ಹೆಂಡತಿ ಮತ್ತು ಮಗ ಟಿಪ್ಪು. ಹೈದರ್ ಚಿತ್ತೂರಿನ ಹತ್ತಿರದ ಡೇರೆಯಲ್ಲಿ ಸತ್ತದ್ದು 1782ರ ಡಿಸೆಂಬರ್ 7ರಂದು, ಬೆನ್ನಿನ ಹುಣ್ಣಿನಿಂದ. ಬೇಯ್ಲಿ ಸತ್ತು ಇಪ್ಪತ್ನಾಲ್ಕು ದಿನಕ್ಕೆ. ಗೆದ್ದವನಿಗೂ ಸೋತವನಿಗೂ ನಡುವೆ ಒಂದು ತಿಂಗಳೂ ಅಂತರವಿಲ್ಲ. ಈಗ ಜಾಗದಲ್ಲೂ ಕೂಗಳತೆಯಷ್ಟೇ ದೂರ, ಬೇಯ್ಲಿಯ ಸ್ಮಾರಕ ಗುಂಬಜಿನ ಹತ್ತಿರವೇ ಇದೆ. ಲಖನೌ ದರ್ಬಾರಿನಲ್ಲಿ ರೆಸಿಡೆಂಟ್, ಎಂದರೆ ಕಂಪನಿಯ ಪ್ರತಿನಿಧಿ, ಆಗಿದ್ದ ಅವನ ಸೋದರನ ಮಗ, ಲೆಫ್ಟಿನೆಂಟ್ ಕರ್ನಲ್ ಜಾನ್ ಬೇಯ್ಲಿ, 1816ರಲ್ಲಿ ಕಟ್ಟಿಸಿದ್ದು. ಬಸ್ಸಿನಲ್ಲಿ ಬಂದವರೆಲ್ಲ ಗುಂಬಜಿಗೆ ನುಗ್ಗುತ್ತಾರೆ, ಇತ್ತ ಯಾರೂ ತಿರುಗುವುದಿಲ್ಲ. ಒಂದು ನಾಯಿ ನೆರಳಿನಲ್ಲಿ ಮಲಗಿತ್ತು. ಆತಕೂರಿನ ಕಾಳಿ ನೆನಪಾಯಿತು.

ಕಸ ಗುಡಿಸುತ್ತಿದ್ದ ಹೆಂಗಸೊಬ್ಬರು ನಾವು ಬಹಳ ಹೊತ್ತು ನಿಂತದ್ದು ನೋಡಿ ಪೊರಕೆ ಗೋಡೆಗೆ ಒರಗಿಸಿ ಬಂದರು. ನಮ್ಮೂರ ಹೊಳೆದಂಡೆಯಲ್ಲಿರೋ ಗೋರಿಗಳಿಗೆ ಸ್ವಿಟ್ಜರ್‌ಲೆಂಡಿನಿಂದ ಮನೆಯವರೇ ಬಂದು ದುಡ್ಡು ಕೊಟ್ಟು ರಿಪೇರಿ ಮಾಡಿಸಿದರು ಎಂದರು. ಅದು ಇಂಗ್ಲಿಷರ ಕೈಕೆಳಗೆ ಇಲ್ಲಿದ್ದ ಸ್ವಿಸ್ ದಂಡಿನ ಡಿ ಮ್ಯೂರೋನ್ ಮನೆತನದವರ ಮಾತು, ನನಗೂ ಗೊತ್ತಿತ್ತು.

"ಇವ್ರು ನಿಮ್ ಕಡೆಯೋರಾ ಸಾ?"

ನಾನು ಬಾಯಿ ತೆರೆಯುವ ಮೊದಲೇ ಭಾವ ಹೇಳಿದರು: "ನನ್ ಕಡೆಯೋನು ಕಣಮ್ಮ."

ಆಯಮ್ಮ ಭಾವನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಮತ್ತೊಮ್ಮೆ ಕಲ್ಲನ್ನು ನೋಡಿ, "ಒಸಿ ಒತ್ತು ಕೂತ್ಕೊಳಿ, ಬಾಗ್ಲಾಕಕ್ಕೆ ಇನ್ನೂ ಟೈಮದೆ" ಎಂದು ನಾಯಿಯನ್ನು ಎಬ್ಬಿಸಿ ಜಾಗ ಮಾಡಿಕೊಟ್ಟರು.